ಹಗೇವು

ಚಿಕ್ಕಮಗಳೂರಿನ ಬಸ್ಸು ಹತ್ತೂವರೆಗೆ ದಾವಣಗೆರೆ ತಲುಪುತ್ತದೆ.
ಕಂಡಕ್ಟರ್ ರುದ್ರಮುನಿ ಸೀಟಿನಡಿಯಿಂದ ಪೊಟ್ಟಣ ಎಳೆದು ಕೊಡುವಾಗ
ಪ್ರತಿಸಲವೂ ಅದೇ ದೂರು:
"ಕಡೂರಿನಿಂದ ಒಬ್ಬರೂ ಕಣ್ಣು ಮುಚ್ಚಿಲ್ಲ ಸಾರ್, ಇದರ ವಾಸನೆಗೆ."

ಹುರಿದು ಆಗ ಎರಡು ದಿನ.
ಕಿವಿಗೆ ಹಿಡಿದರೆ ಏನೂ ಕೇಳಿಸದು,
ಆದರೂ ಚೀಲ ಉಬ್ಬಿರುತ್ತದೆ,
ಬೀಜಗಳು ಒಳಗೊಳಗೇ ಉಸಿರು ಬಿಡುತ್ತಿರುತ್ತವೆ.
ಹತ್ತು ದಿನ ಅವುಗಳ ಪಾಡಿಗೆ ಬಿಡಬೇಕು
ಮಂಚದ ಕೆಳಗೆ, ಕಡಪ ಕಲ್ಲಿನ ಮೇಲೆ.
ಏಪ್ರಿಲ್ಲಿನ ನಿಟುವಳ್ಳಿಯಲ್ಲಿ
ತಂಪು ಅನ್ನುವುದು ಉಳಿದಿರುವುದು ಅಲ್ಲಿ ಮಾತ್ರ.

ಹನ್ನೊಂದನೆಯ ರಾತ್ರಿ ತಕ್ಕಡಿ ಇಳಿಸುತ್ತೇನೆ.
ನಲವತ್ತು ಗ್ರಾಂ. ನಲವತ್ತು ಗ್ರಾಂ.
ಗಾಳಿಯನ್ನೆಲ್ಲ ಅಂಗೈಯಲ್ಲಿ ಹಿಂಡಬೇಕು
ಒಂದೊಂದು ಬೀಜದ ಬೆನ್ನೂ ಕವರಿನ ಮೇಲೆ ಮೂಡುವ ತನಕ.
ಆಮೇಲೆ ಮಂಡಕ್ಕಿ ಅಂಗಡಿಯವರ ಹಾಗೆ
ಬಾಯಿ ಮಡಚಿ, ಹ್ಯಾಕ್ಸಾ ಬ್ಲೇಡಿನ ಅಂಚಿಗೆ ಕೂರಿಸಿ,
ಮೇಣದಬತ್ತಿಯ ಉರಿಗೆ ಒಮ್ಮೆ ಸವರಿದರೆ ಸೀಲು.
ಚೀಟಿ: ಹುರಿದ ದಿನ, ಇಟ್ಟ ದಿನ, ತೂಕ.
ರಕ್ತನಿಧಿಯಲ್ಲಿ ಹದಿನಾರು ವರ್ಷ ಚೀಟಿ ಅಂಟಿಸಿದ ಕೈ ಇದು,
ಚೀಟಿಯಿಲ್ಲದ ಯಾವುದನ್ನೂ ನಂಬುವುದಿಲ್ಲ.
ಅಲ್ಲಿನ ಕಾನೂನೇ ಇಲ್ಲಿಗೂ:
ಮೊದಲು ಬಂದದ್ದು ಮೊದಲು ಹೋಗಬೇಕು,
ಒಮ್ಮೆ ಕರಗಿದ್ದು ಮತ್ತೆ ಹೆಪ್ಪುಗಟ್ಟಬಾರದು.

ಬೆಲ್ಲದ ಚಹಾದ ಲೋಟ ಹಿಡಿದು
ಸ್ವಾದರತ್ತೆ ಕೊಟ್ರಮ್ಮ ಹೊಸ್ತಿಲಲ್ಲಿ ಕೂತು ನೋಡುತ್ತಾಳೆ.
ಕಾಫಿ ಮುಟ್ಟಿದವಳಲ್ಲ. "ಕಹಿ ಬೇಕಾದ್ರ ಬೇವು ಐತಲ್ಲ."
ಫ್ರೀಜರಿನಲ್ಲಿ ನಮ್ಮಿಬ್ಬರಿಗೂ ಗಡಿ ತಕರಾರು,
ಅವಳ ಬಟಾಣಿ, ಅವಳ ಬೆಣ್ಣೆ, ನನ್ನ ಪೊಟ್ಟಣ.
"ಬೆಣ್ಣಿಗೆ ನಿನ್ನ ಬೀಜದ ನಾತ ಹತ್ತೈತಿ" ಅನ್ನುತ್ತಾಳೆ.
ನಾನು ಹೆದರುವುದು ಅದರ ಉಲ್ಟಾ.

ಡಾಕ್ಟರ್ ಜಬೀನಾ ಮೇಡಂ ಮೊದಲ ಸಲ ಮನೆಗೆ ಬಂದ ದಿನ
ಗಡಿಬಿಡಿಯಲ್ಲಿ ಐಸಿನಂಥ ಪೊಟ್ಟಣಕ್ಕೆ ಕತ್ತರಿ ಹಾಕಿದೆ.
ಹೊರಗೆ ನಲವತ್ತು ಡಿಗ್ರಿ. ತಟ್ಟೆಯಲ್ಲಿ ಬೀಜಗಳು
ನೋಡನೋಡುತ್ತ ಬೆವೆತವು,
ಒಂದಕ್ಕೊಂದು ಅಂಟಿಕೊಂಡವು.
ಅತ್ತೆ ನನ್ನ ಮಣಿಕಟ್ಟು ಹಿಡಿದಳು.
"ತಡಿ. ಹಗೇವಿನ ಕಲ್ಲು ಸರಿಸಿದ ಕೂಡ್ಲೆ ಯಾರಾರ ಇಳೀತಾರೇನು?"

ಆನಗೋಡಿನ ಮನೆಯ ಮುಂದಿತ್ತಂತೆ ಅದು,
ಮೂವತ್ತು ಚೀಲ ಜೋಳ ನುಂಗುವ ಹೊಟ್ಟೆ,
ಒಬ್ಬ ಮನುಷ್ಯ ಕಷ್ಟದಿಂದ ತೂರುವ ಬಾಯಿ.
ಸುತ್ತ ಹುಲ್ಲು, ಮೇಲೆ ಬೂದಿ, ಚಪ್ಪಡಿ, ಮಣ್ಣು.
ಎರಡು ಮಳೆಗಾಲ ಕಳೆದರೂ ಹುಳ ಬೀಳುತ್ತಿರಲಿಲ್ಲ.
ತೆಗೆದ ಮೇಲೆ ಅರ್ಧ ದಿನ ಸುಮ್ಮನೆ ಕೂರಬೇಕು.
ಆಮೇಲೆ ಹಗ್ಗಕ್ಕೆ ಕಟ್ಟಿ ದೀಪ ಇಳಿಸಬೇಕು.
ದೀಪ ಆರಿದರೆ ಮನುಷ್ಯ ಇಳಿಯಬಾರದು.
"ಕಾಳೂ ಉಸುರಾಡ್ತಾವೋ. ಅವುಕ್ಕೆ ಬಾಯಿಲ್ಲ ಅಂತ ನಾವು ಮರೀತೀವಿ."

ಹಿರಿಯಣ್ಣ ಈರಬಸಪ್ಪ ದೀಪ ಇಳಿಸಲಿಲ್ಲ.
ಮದುವೆ ಮನೆ, ಜೋಳಕ್ಕೆ ಅವಸರವಿತ್ತು.
ಅಷ್ಟೇ ಹೇಳಿ ಲೋಟ ತೊಳೆಯಲು ಎದ್ದಳು.
ಯಾರ ಮದುವೆ ಎಂದು ನಾನು ಕೇಳಲಿಲ್ಲ.

ಮೇಡಂ ಕುಡಿದು ಚೆನ್ನಾಗಿದೆ ಅಂದರು.
ಚೆನ್ನಾಗಿರಲಿಲ್ಲ.

ಈಗ ಹಿಂದಿನ ರಾತ್ರಿಯೇ ಒಂದು ಪೊಟ್ಟಣ ತೆಗೆದು
ಬಾಯಿ ಬಿಚ್ಚದೆ ಕಟ್ಟೆಯ ಮೇಲಿಟ್ಟು ಮಲಗುತ್ತೇನೆ.
ಬೆಳಗಿನ ಜಾವ ನನಗಿಂತ ಮೊದಲೆದ್ದು ಅತ್ತೆ
ಅಂಗೈ ಮಗುಚಿ ಅದರ ಮೇಲಿಡುತ್ತಾಳೆ,
ಜ್ವರ ಬಿಟ್ಟಿದೆಯೇ ಎಂದು ಕೂಸಿನ ಹಣೆ ಮುಟ್ಟುವ ಹಾಗೆ.
"ಆತು. ತಂಡಿ ಬಿಟ್ಟೈತಿ. ತೆಗಿ."

ಕತ್ತರಿ ಹಾಕುವಾಗ ಮಾತ್ರ
ಎರಡು ಹೆಜ್ಜೆ ಹಿಂದೆ ಸರಿದು ನಿಲ್ಲುತ್ತಾಳೆ,
ಮೊದಲ ಉಸಿರು ಹೊರಗೆ ಹೋಗಲಿ ಎಂದು.